ಗೋಡೆಯ ಮೇಲಿನ ಬಂದೂಕು

(ಬಾದನಹಟ್ಟಿಯಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳ ಸಭೆಯಲ್ಲಿ ಉಳಿತಾಯದ ಲೆಕ್ಕ, ಸಾಲದ ಕಂತು ಎಲ್ಲ ಮುಗಿದ ಮೇಲೆ ನಿಮ್ಮಲ್ಲೊಬ್ಬರು ಒಂದು ಪ್ರಶ್ನೆ ಎತ್ತಿದರಂತೆ. ಪೊಲೀಸರು ಸಾರ್ವಜನಿಕರಿಗೆ ಬಂದೂಕು ತರಬೇತಿ ಕೊಡುತ್ತಾರಂತೆ, ಹೆಂಗಸರೂ ಸೇರಬಹುದಂತೆ, ನಮ್ಮ ಹುಡುಗಿಯರನ್ನು ಕಳಿಸೋಣವೋ ಬೇಡವೋ ಎಂದು. ಕಳಿಸೋಣ ಎಂದವರು ಕೆಲವರು. “ಬಾಯಿ ಇರೋದೇ ಸಾಕಾಗೈತಿ, ಕೈಯಾಗ ಬಂದೂಕು ಬ್ಯಾರೆ ಯಾಕ?” ಎಂದವರು ಕೆಲವರು. ಎಲ್ಲರೂ ನಕ್ಕಿದ್ದೀರಿ, ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಅದಕ್ಕೇ ನನ್ನನ್ನು ಕರೆದಿದ್ದೀರಿ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು. ಪೊಲೀಸಳಲ್ಲ, ವಕೀಲಳೂ ಅಲ್ಲ. ಆದರೆ ಬಂದೂಕಿನ ಸಂಗತಿಯಲ್ಲಿ ನನಗೆ ಹೇಳಲಿಕ್ಕೆ ಸ್ವಲ್ಪ ಇದೆ. ಅದರಲ್ಲಿ ನನ್ನದೇ ಒಂದು ತಪ್ಪೂ ಇದೆ. ಅದನ್ನೂ ಹೇಳುತ್ತೇನೆ.

1978ರಲ್ಲಿ ನಾನು ಬಳ್ಳಾರಿಯಲ್ಲಿ ಬಿ.ಎ. ಓದುತ್ತಿದ್ದಾಗ ಎನ್.ಸಿ.ಸಿ. ಸೇರಿದೆ. ಮನೆಯಲ್ಲಿ ಅಷ್ಟೇನೂ ವಿರೋಧ ಬರಲಿಲ್ಲ. ಪರೇಡು ಮುಗಿದ ಮೇಲೆ ತಿಂಡಿ ಕೊಡುತ್ತಾರೆ ಎಂಬುದೇ ನಮ್ಮವ್ವನಿಗೆ ಸಮಾಧಾನ. ಅಲ್ಲಿ ನಮಗೆ ಪಾಯಿಂಟ್ ಟು-ಟು ರೈಫಲ್ ಕೊಟ್ಟರು. ಜಮಖಾನೆಯ ಮೇಲೆ ಬೋರಲಾಗಿ ಮಲಗಿ, ಇಪ್ಪತ್ತೈದು ಮೀಟರ್ ದೂರದ ಹಲಗೆಗೆ ಐದು ಗುಂಡು. ನನ್ನ ಮೊದಲ ಐದರಲ್ಲಿ ಮೂರು ಹಲಗೆಯನ್ನೇ ಮುಟ್ಟಲಿಲ್ಲ. ಪಕ್ಕದ ಹುಡುಗಿಯ ಹಲಗೆಯಲ್ಲಿ ಏಳು ತೂತು ಇದ್ದವು, ಅವಳು ಹಾರಿಸಿದ್ದು ಐದೇ! ಆ ಎರಡು ಯಾರವು ಎಂದು ಇವತ್ತಿಗೂ ನಾನು ಅವಳಿಗೆ ಹೇಳಿಲ್ಲ.

ಗುರಿ ಇಡುವುದು ನನಗೆ ಮರೆತುಹೋಗಿದೆ. ಮರೆಯದೆ ಉಳಿದದ್ದು ಗುಂಡು ಹಾರಿಸಿದ ಮೇಲೆ ಉಸ್ತಾದರು ಕೂಗುತ್ತಿದ್ದ ಎರಡು ಹಿಂದಿ ಆಜ್ಞೆಗಳು. “ಖಾಲಿ ಕರ್.” ಆಮೇಲೆ “ಜಾಂಚ್ ಶಸ್ತ್ರ.” ಅಂದರೆ ಬಂದೂಕು ಖಾಲಿ ಮಾಡು, ಖಾಲಿ ಆಗಿದೆಯೋ ಇಲ್ಲವೋ ತೆರೆದು ತೋರಿಸು. ನೀವು ಖಾಲಿ ಮಾಡಿದ್ದನ್ನು ನೀವೇ ನೋಡಿದ್ದರೂ ಸಾಲದು, ಅವರು ಬಂದು ಬಗ್ಗಿ ನೋಡುತ್ತಿದ್ದರು. “ಸರ್, ಖಾಲಿ ಇದೆ” ಎಂದು ಒಬ್ಬ ಹುಡುಗಿ ಬಾಯಲ್ಲಿ ಹೇಳಿದ್ದಕ್ಕೆ ಅವಳನ್ನು ಮೈದಾನ ಸುತ್ತು ಹಾಕಿಸಿದರು. ಬಂದೂಕಿನ ವಿಷಯದಲ್ಲಿ ಬಾಯಿಮಾತು ನಡೆಯುವುದಿಲ್ಲ, ಕಣ್ಣಲ್ಲಿ ನೋಡಿದ್ದೇ ಮಾತು ಎಂದರು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಹೇಳಲು ಅವಳ ಒಪ್ಪಿಗೆ ಕೇಳಿಕೊಂಡೇ ಬಂದಿದ್ದೇನೆ.

ಅಕ್ಕನನ್ನು 1976ರಲ್ಲಿ ಸಿರುಗುಪ್ಪ ಸೀಮೆಯ ಒಂದು ಮನೆಗೆ ಕೊಟ್ಟರು. ಕಾಲುವೆ ನೀರಿನ ಗದ್ದೆ, ಭತ್ತ, ಮೆಣಸಿನಕಾಯಿ, ತುಂಬಿದ ಮನೆ. ಪಡಸಾಲೆಯ ಗೋಡೆಯ ಮೇಲೆ, ಹಿರಿಯರ ಫೋಟೋಗಳ ನಡುವೆ, ಒಂಟಿ ನಳಿಗೆಯ ಒಂದು ತೋಟಾ ಬಂದೂಕು. ಹಂದಿ ಕಾಟಕ್ಕೆಂದು ಲೈಸೆನ್ಸು ಮಾಡಿಸಿದ್ದು. ಮಾತಾಡಿದ ಬಂಗಾರದಲ್ಲಿ ಎರಡು ತೊಲ ಬಾಕಿ ಇತ್ತು, ಆಮೇಲೆ ಪಂಪ್‌ಸೆಟ್ಟಿಗೆ ಹಣ ಬೇಕೆಂದರು, ಆಮೇಲೆ ಮೋಟಾರ್ ಸೈಕಲ್. ನಮ್ಮಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಆತನ ಸಂಬಳ ಎಷ್ಟು ಕಡೆ ಹರಿಯಬೇಕು?

ಭಾವ ಹೊಡೆದದ್ದು ಕಡಿಮೆ. ಅದನ್ನೇ ನಮ್ಮವರು ಅವನ ಒಳ್ಳೆಯತನ ಎಂದು ಹೇಳಿಕೊಳ್ಳುತ್ತಿದ್ದರು. ಅಕ್ಕ ತವರಿನಿಂದ ಬರಿಗೈಲಿ ಹಿಂದಿರುಗಿದ ದಿನ ಅವನು ಬಂದೂಕನ್ನು ಗೋಡೆಯಿಂದ ಇಳಿಸುತ್ತಿದ್ದ. ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂತು, ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಿಂದ ನಳಿಗೆ ಒರೆಸುತ್ತಿದ್ದ. ಅದರ ಬಾಯಿ ಅಡುಗೆಮನೆಯ ಬಾಗಿಲಿನ ಕಡೆ. ಮಾತಿಲ್ಲ, ಕತೆಯಿಲ್ಲ. ಅಕ್ಕ ಒಳಗೆ ರೊಟ್ಟಿ ಬಡಿಯಬೇಕು. ಆಯುಧ ಪೂಜೆಯ ದಿನ ಅದೇ ಬಂದೂಕನ್ನು ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಆರತಿ ಎತ್ತುವವಳೂ ಅವಳೇ.

ಒಂದು ಸಲ ಅಕ್ಕ ಅಪ್ಪನ ಮುಂದೆ ಅತ್ತು ಹೇಳಿದಳು. ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದರು. ಭಾವ ನಕ್ಕು, “ಮಾವ, ಅದು ಖಾಲಿ ಬಂದೂಕು. ಸುಮ್ಮನೆ ಒರೆಸತೀನಿ, ತುಕ್ಕು ಹಿಡೀತದ. ನಿಮ್ಮ ಮಗಳು ಪುಕ್ಕಲಿ” ಎಂದ. ಹಿರಿಯರೂ ನಕ್ಕರು. ಚಹಾ ಕುಡಿದು ಎದ್ದು ಬಂದರು. ನಾನೂ ಜೊತೆಗಿದ್ದೆ. ಎನ್.ಸಿ.ಸಿ. ಸರ್ಟಿಫಿಕೇಟು ಪಡೆದವಳು, ಎಂ.ಎ. ಓದುತ್ತಿದ್ದವಳು, ಆ ಗೋಡೆಯಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. “ಎಲ್ಲಿ, ತೆರೆದು ತೋರಿಸಿ ಭಾವ” ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಬೀಗರ ಮನೆಯ ಬಂದೂಕು, ಹೆಣ್ಣುಮಗಳು ಕೇಳುವುದೆಂದರೇನು ಎಂಬ ಸಂಕೋಚ. ಖಾಲಿ ಎಂದ ಅವನ ಮಾತನ್ನು ಎಲ್ಲರಂತೆ ನಾನೂ ನಂಬಿದೆ.

ಹೀಗೆ ವರ್ಷಗಳು ಕಳೆದವು. ನಡುವೆ ಅಕ್ಕನಿಗೆ ಇದ್ದ ಒಂದೇ ಬಿಡುವು ಯಾವುದು ಗೊತ್ತೇ? ಚುನಾವಣೆ! ನಿಮಗೆ ತಿಳಿದೇ ಇದೆ, ಚುನಾವಣೆ ಘೋಷಣೆಯಾದರೆ ಲೈಸೆನ್ಸು ಇರುವ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿಸುತ್ತಾರೆ, ಫಲಿತಾಂಶ ಬಂದ ಮೇಲೆ ವಾಪಸು ಕೊಡುತ್ತಾರೆ. ಅಷ್ಟು ದಿನ ಗೋಡೆಯ ಮೇಲೆ ಬರೀ ಮೊಳೆ. ಆ ದಿನಗಳಲ್ಲಿ ಅಕ್ಕ ರಾತ್ರಿ ನಿದ್ದೆ ಮಾಡುತ್ತಿದ್ದಳು. 1999ರಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಬಳ್ಳಾರಿಯಿಂದ ಲೋಕಸಭೆಗೆ ನಿಂತದ್ದು ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. ಊರೂರಿಗೆ ಜೀಪು, ಮೈಕು, ಎರಡು ಕಡೆಯವರ ಸೀರೆ ಬಣ್ಣದ ಚರ್ಚೆ. ಗೆದ್ದ ಸೋನಿಯಾ ಅಮೇಠಿ ಇಟ್ಟುಕೊಂಡು ಬಳ್ಳಾರಿ ಬಿಟ್ಟರು, 2000ದಲ್ಲಿ ಉಪಚುನಾವಣೆ ಬಂತು. ಓಟು ಹಾಕಿದವರು ಬೇಸರಪಟ್ಟುಕೊಂಡರು. ಅಕ್ಕ ಮಾತ್ರ ನನಗೆ ಗುಟ್ಟಿನಲ್ಲಿ, “ಆ ತಾಯಿ ನನಗ ಇನ್ನೊಂದು ತಿಂಗಳ ನಿದ್ದಿ ಕೊಟ್ಟಳು ನೋಡು” ಎಂದಳು. ನಾನು ನಕ್ಕುಬಿಟ್ಟೆ. ಅದು ನಗುವ ಮಾತಾಗಿತ್ತೇ?

2004ರಲ್ಲಿ ಭಾವ ಹೃದಯಾಘಾತದಿಂದ ತೀರಿಕೊಂಡ. ಲೈಸೆನ್ಸುದಾರ ಸತ್ತರೆ ಬಂದೂಕನ್ನು ಒಪ್ಪಿಸಬೇಕಲ್ಲ, ದಿನಕರ್ಮ ಮುಗಿದ ಮೇಲೆ ಅಕ್ಕ ನನ್ನನ್ನು ಕರೆದಳು. ನಾನೇ ಸ್ಟೂಲು ಹತ್ತಿ ಇಳಿಸಿದೆ. ಇಪ್ಪತ್ತಾರು ವರ್ಷದ ಹಿಂದಿನ “ಜಾಂಚ್ ಶಸ್ತ್ರ” ಕಿವಿಯಲ್ಲಿ ಕೂಗಿದಂತಾಯಿತು. ಮಕ್ಕಳನ್ನು ಹೊರಗೆ ಕಳಿಸಿ, ಬಾಯಿಯನ್ನು ಹೊರಗಿನ ಮಣ್ಣಿನ ಕಡೆ ಮಾಡಿ, ಬೆರಳನ್ನು ಕುದುರೆಯಿಂದ ದೂರ ಇಟ್ಟುಕೊಂಡು, ನಳಿಗೆ ಮಡಚಿ ತೆರೆದೆ. ಒಳಗೆ ತೋಟಾ ಇತ್ತು. ಹಿತ್ತಾಳೆಯ ಅಂಚು ಹಸಿರುಗಟ್ಟಿತ್ತು.

ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. “ಖಾಲಿ ಅಂದಿದ್ರಲ್ಲಬೇ” ಎಂದಳು. ನಾನು ಉತ್ತರ ಕೊಡಲಿಲ್ಲ. ಕೊಡಲಿಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಮೊಮ್ಮಕ್ಕಳು ಆ ಬಂದೂಕಿನ ಕೆಳಗೇ ಚೌಕಾಬಾರ ಆಡುತ್ತಿದ್ದರು.

ಈ ಕಾರಣಕ್ಕೇ ನಿವೃತ್ತಿಯ ನಂತರ, ಅರವತ್ತು ದಾಟಿದ ಮೇಲೆ, ನಾನು ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಿಲ್ಲಾ ಪೊಲೀಸರು ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಆಗಾಗ ಇದನ್ನು ನಡೆಸುತ್ತಾರೆ. ನಾನು ಹೋದದ್ದು ಪಕ್ಕದ ಜಿಲ್ಲೆಯ ಒಂದು ಶಿಬಿರಕ್ಕೆ. ಅರ್ಜಿ, ಫೋಟೋ, ಗುರುತಿನ ಚೀಟಿ, ಡಾಕ್ಟರ ಸರ್ಟಿಫಿಕೇಟು, ಸ್ವಲ್ಪ ಶುಲ್ಕ. ಬೆಳಗಿನ ಜಾವ ಹೋಗಬೇಕು. ನಲವತ್ತು ಚಿಲ್ಲರೆ ಗಂಡಸರು, ಆರು ಹೆಂಗಸರು. ನಮ್ಮಲ್ಲಿ ಒಬ್ಬಾಕೆ ಊರಾಚೆ ಕೋಳಿ ಫಾರಂ ನಡೆಸುವ ವಿಧವೆ, ಇಬ್ಬರು ಕಾಲೇಜು ಹುಡುಗಿಯರು. ನನ್ನನ್ನು ನೋಡಿ ಒಬ್ಬ ಪೇದೆ, “ಅಮ್ಮಾ, ಮಗನನ್ನು ಬಿಡಲಿಕ್ಕೆ ಬಂದಿರೇನು?” ಎಂದು ಕೇಳಿದ.

ಮೊದಲ ದಿನಗಳಲ್ಲಿ ಒಂದು ಗುಂಡೂ ಇಲ್ಲ. ಭಾಗಗಳ ಹೆಸರು, ಬಿಚ್ಚುವುದು, ಜೋಡಿಸುವುದು, ಹಿಡಿಯುವುದು. ಕೋವಿ ಹಾರಿಸುವ ಆಸೆಯಿಂದ ಬಂದಿದ್ದ ಕೆಲವು ಗಂಡಸರಿಗೆ ಬೇಸರವಾಯಿತು. ನನಗೆ ಮಾತ್ರ ಬೇಕಾಗಿದ್ದುದೇ ಅದು. ಪ್ರತಿ ದಿನ ನಾಲ್ಕು ಮಾತು ಬಾಯಿಪಾಠ ಮಾಡಿಸಿದರು. ಎಂಥ ಬಂದೂಕೇ ಇರಲಿ, ತುಂಬಿದೆ ಎಂದೇ ತಿಳಿ. ಹೊಡೆಯಬಾರದ್ದರ ಕಡೆ ಅದರ ಬಾಯಿ ತಿರುಗಿಸಬೇಡ. ಗುರಿ ಇಡುವ ತನಕ ಬೆರಳು ಕುದುರೆಯ ಮೇಲೆ ಬೇಡ. ಗುರಿಯ ಹಿಂದೆ ಏನಿದೆ, ಯಾರಿದ್ದಾರೆ ನೋಡು. ನಾನು ಮನಸ್ಸಿನಲ್ಲೇ ಭಾವನ ಚಾಪೆಯ ಮುಂದೆ ಇವನ್ನು ಒಂದೊಂದಾಗಿ ಇಟ್ಟು ನೋಡಿದೆ. ಅವನು ಎಲ್ಲವನ್ನೂ ಬೇಕೆಂದೇ ಮುರಿದಿದ್ದ. ಗೊತ್ತಿರುವವಳು ಒಬ್ಬಳು ಆ ಮನೆಯಲ್ಲಿದ್ದರೆ, “ಒರೆಸತೀನಿ” ಎಂಬ ಸುಳ್ಳು ಒಂದು ದಿನವೂ ನಡೆಯುತ್ತಿರಲಿಲ್ಲ. ಒರೆಸುವವನು ಮೊದಲು ತೆರೆಯುತ್ತಾನೆ. ಮುಚ್ಚಿದ ಬಂದೂಕನ್ನು ಹೆಂಡತಿಯ ಕಡೆ ತಿರುಗಿಸಿ ಕೂತವನು ಒರೆಸುತ್ತಿಲ್ಲ, ಬೆದರಿಸುತ್ತಿದ್ದಾನೆ.

ಕೊನೆಯ ದಿನಗಳಲ್ಲಿ ಗುಂಡು ಹಾರಿಸಿದೆವು. ನನ್ನ ಭುಜ ಮೂರು ದಿನ ನೋಯಿತು. ಕೋಳಿ ಫಾರಂನ ಆ ಹೆಣ್ಣುಮಗಳು ನಮ್ಮೆಲ್ಲರಿಗಿಂತ ಚೆನ್ನಾಗಿ ಹೊಡೆದಳು. ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಹೆಸರು ಕೇಳಿದ್ದೀರಾ? ಮೊಮ್ಮಗಳನ್ನು ತರಬೇತಿಗೆ ಕರೆದುಕೊಂಡು ಹೋದ ಅಜ್ಜಿ, ಅರವತ್ತರ ಮೇಲಿನ ವಯಸ್ಸಿನಲ್ಲಿ ತಾನೇ ಪಿಸ್ತೂಲು ಹಿಡಿದು ಪದಕಗಳನ್ನು ಗೆದ್ದಾಕೆ. ವಾರಗಿತ್ತಿ ಪ್ರಕಾಶಿ ತೋಮರ್ ಕೂಡ ಹಾಗೆಯೇ. ಚಂದ್ರೋ 2021ರಲ್ಲಿ ತೀರಿಕೊಂಡರು. ಆ ಊರಿನ ಹುಡುಗಿಯರಿಗೆ ಅವರು ದಾರಿ ಮಾಡಿಕೊಟ್ಟು ಹೋದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹರಿಯಾಣದ ಮನು ಭಾಕರ್ ಪಿಸ್ತೂಲಿನಲ್ಲಿ ಎರಡು ಕಂಚು ತಂದಳು. ಆದ್ದರಿಂದ ಹುಡುಗಿಯರು ಕಲಿಯಲಿ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಕಲಿಯುವುದು ಬೇರೆ, ಮನೆಗೆ ಬಂದೂಕು ತರುವುದು ಬೇರೆ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ತರಬೇತಿಯ ಸರ್ಟಿಫಿಕೇಟು ಲೈಸೆನ್ಸಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸು ಕೇಳುವವರು ಸುರಕ್ಷತೆಯ ತರಬೇತಿ ಪಡೆದಿರಬೇಕು, ಅಷ್ಟೇ. ತರಬೇತಿ ಪಡೆದವರಿಗೆಲ್ಲ ಲೈಸೆನ್ಸು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ದೆಹಲಿಯ ನಿರ್ಭಯಾ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗಾಗಿ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ತಂದಿತು. ತೂಕ ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ! ನಮ್ಮ ಸಂಘದಲ್ಲಿ ಎರಡು ಎಮ್ಮೆಗೆ ಕೇಳಿದ ಸಾಲ ಮಂಜೂರಾಗಲು ಎಷ್ಟು ಸಭೆ ಬೇಕಾಯಿತು ನೆನಪು ಮಾಡಿಕೊಳ್ಳಿ. ಬೆಲೆಯ ಮಾತು ಬಿಡಿ. ಹೆಣ್ಣಿಗೆ ಅಪಾಯ ಕತ್ತಲ ಬೀದಿಯಲ್ಲಿ ಗುರುತಿಲ್ಲದವನಿಂದ ಮಾತ್ರ ಬರುತ್ತದೆ ಎಂದು ಈ ರಿವಾಲ್ವರ್ ಮಾಡಿದವರು ತಿಳಿದಂತಿದೆ. ನಮ್ಮ ಸಂಘಕ್ಕೆ ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಅದು ತಾವು ಅನ್ನ ಬಡಿಸಿದ ಕೈಯಿಂದಲೇ ಬಂದಿದೆ. ಬೀರುವಿನಲ್ಲಿ ರಿವಾಲ್ವರ್ ಇದೆ ಎನ್ನಿ, ಬೀರುವಿನ ಬೀಗದ ಕೈ ಯಾರ ಉಡಿದಾರದಲ್ಲಿದೆ?

ಅಮೆರಿಕದಲ್ಲಿ ಬಂದೂಕು ನಮ್ಮಲ್ಲಿಗಿಂತ ಬಹಳ ಸುಲಭವಾಗಿ ಸಿಗುತ್ತದೆ. ಅಲ್ಲಿ ಜಾಕ್ಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಹನ್ನೊಂದು ನಗರಗಳಲ್ಲಿ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಹಿಂಸೆ ಕೊಡುವ ಗಂಡಸಿನ ಕೈಗೆ ಬಂದೂಕು ಸಿಗುವಂತಿದ್ದರೆ ಹೆಣ್ಣು ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಹೆಚ್ಚು ಎಂದು ಕಂಡುಬಂತು. ಆದ್ದರಿಂದ ಜಗಳದ ಮನೆಯಲ್ಲಿ ಬಂದೂಕು ಎರಡಾಗಬಾರದು, ಇರುವ ಒಂದೂ ಹೊರಗೆ ಹೋಗಬೇಕು. ನಾನು ತರಬೇತಿಯಲ್ಲಿ ಕಲಿತು ಬಂದ ಮೇಲೂ ಲೈಸೆನ್ಸಿಗೆ ಅರ್ಜಿ ಹಾಕಲಿಲ್ಲ.

“ಮೇಡಂ, ಕೊಡಗಿನ ಹೆಣ್ಣುಮಕ್ಕಳು ಕೋವಿ ಹಿಡೀತಾರಲ್ಲ?” ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ನಿಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಇದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಹೆಂಗಸರೂ ಗೆಲ್ಲುತ್ತಾರೆ. ಅದು ಅವರ ನೆಲದ ನಡಾವಳಿ, ನನಗೆ ಗೌರವವಿದೆ. ಆದರೂ ಇತಿಹಾಸದ ಮೇಡಂ ಆಗಿ ಒಂದು ಮಾತು. ಗಂಡುಮಗು ಹುಟ್ಟಿದಾಗ ಕೋವಿ ಹಾರಿಸಿ ಸಾರುವ ಪದ್ಧತಿ ಅಲ್ಲಿತ್ತು. ಹೆಣ್ಣು ಹುಟ್ಟಿದರೆ ಆ ಸದ್ದು ಕೇಳುತ್ತಿರಲಿಲ್ಲ.

ಸರಿ, ನಮ್ಮೂರಿಗೆ ಬರೋಣ. ನಿಮ್ಮ ಮನೆಯಲ್ಲೋ ಮಗಳ ಮನೆಯಲ್ಲೋ ಬಂದೂಕು ಇದ್ದು, ಅದನ್ನು ತೋರಿಸಿ ಹೆದರಿಸುವುದು ನಡೆದಿದ್ದರೆ ಏನು ಮಾಡಬೇಕು? ಮೊದಲನೆಯ ಮಾತು, ಕಲಿಯದೆ ಅದನ್ನು ಮುಟ್ಟಬೇಡಿ. ಬಚ್ಚಿಡಲು ಹೋಗಬೇಡಿ. ಬಾವಿಗೆ ಹಾಕಿದರೆ ಮುಗಿಯಿತು ಎಂದು ಒಬ್ಬರು ಹೇಳಿದರು, ಹಾಗೆ ಮಾಡಿದರೆ ಅದೇ ಒಂದು ಹೊಸ ಜಗಳ. ಮನೆಯಿಂದ ಹೊರಗೆ ಬನ್ನಿ, 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ, ಬಂದೂಕು ಇದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಬಂದೂಕು ತೋರಿಸಿದ್ದು, ತಿರುಗಿಸಿದ್ದು, ಯಾವ ದಿನ, ಯಾವ ಹೊತ್ತು, ಯಾರಿದ್ದರು, ಇದನ್ನೆಲ್ಲ ಸಂಘದ ಪುಸ್ತಕ ಬರೆಯುವವರ ಕೈಲಿ ಒಂದು ಕಾಗದದಲ್ಲಿ ಬರೆಸಿಡಿ.

ಆಮೇಲೆ ಕಾನೂನು. ಎಷ್ಟೋ ಹೆಂಗಸರಿಗೆ ಗೊತ್ತಿಲ್ಲದ ಎರಡು ದಾರಿ ಇವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರಲ್ಲಿ ಜಾರಿಗೆ ಬಂತು. ಅದರ ನಿಯಮಗಳಲ್ಲಿ, ಮ್ಯಾಜಿಸ್ಟ್ರೇಟರು ಲಿಖಿತವಾಗಿ ಸೂಚಿಸಿದರೆ ಸಂರಕ್ಷಣಾಧಿಕಾರಿಯು ಪೊಲೀಸರ ನೆರವು ಪಡೆದು ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಬೇಕು ಎಂದಿದೆ. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳ ಮೇಲಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಸಂರಕ್ಷಣಾಧಿಕಾರಿಯ ಕೆಲಸ ವಹಿಸಿದ್ದಾರೆ. ಅಂಗನವಾಡಿ ಕಾರ್ಯಕರ್ತೆ ನಿಮ್ಮ ಬೀದಿಯವಳೇ ಅಲ್ಲವೇ, ಅವಳ ಮೂಲಕವೇ ಸುದ್ದಿ ಮುಟ್ಟಿಸಿ. ಅರ್ಜಿಯಲ್ಲಿ ‘ಹಿಂಸೆ ಕೊಡುತ್ತಾರೆ’ ಎಂದಷ್ಟೇ ಬರೆಸಬೇಡಿ. ಬಂದೂಕನ್ನು ವಶಕ್ಕೆ ತೆಗೆದುಕೊಳ್ಳಲು ಆದೇಶ ಕೊಡಿ ಎಂದು ಬಿಡಿಸಿ ಬರೆಸಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಎರಡನೆಯದು, ಲೈಸೆನ್ಸು ಕೊಟ್ಟವರ ಹತ್ತಿರವೇ ಹೋಗುವುದು. ನಮ್ಮ ಜಿಲ್ಲೆಯಲ್ಲಿ ಅದು ಜಿಲ್ಲಾಧಿಕಾರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನ ಪ್ರಕಾರ ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆಂದು ಕಂಡರೆ ಅವರು ಲೈಸೆನ್ಸನ್ನು ಅಮಾನತಿನಲ್ಲಿ ಇಡಬಹುದು, ರದ್ದು ಮಾಡಬಹುದು. ಗಂಡನ ಲೈಸೆನ್ಸಿನ ಬಗ್ಗೆ ಹೆಂಡತಿ ಅರ್ಜಿ ಕೊಡಬಾರದು ಎಂದು ಎಲ್ಲಿಯೂ ಬರೆದಿಲ್ಲ. ಒಬ್ಬಳೇ ಹೋಗಲು ಹೆದರಿಕೆಯಾದರೆ ಸಂಘದ ಹತ್ತು ಜನ ಹೋಗಿ, ಸ್ವೀಕೃತಿ ಪಡೆದುಕೊಂಡು ಬನ್ನಿ.

ಬಂದೂಕು ತೋರಿಸಿ ವರದಕ್ಷಿಣೆ ಕೇಳುವುದು ಕ್ರೌರ್ಯವೇ. 1983ರಿಂದ ನಾವು 498ಎ ಎಂದು ಕರೆಯುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಆಗಿದೆ. ಜೀವಬೆದರಿಕೆ 351. ಠಾಣೆಯಲ್ಲಿ ಹಳೆಯ ನಂಬರು ಹೇಳಿದರೂ ದೂರು ದೂರೇ, ಗಾಬರಿ ಬೇಡ. ಗುಂಡು ಹಾರಲಿಲ್ಲವಲ್ಲ, ಗಾಯವಾಗಲಿಲ್ಲವಲ್ಲ ಎಂದು ಯಾರಾದರೂ ಹೇಳಿದರೆ ನನ್ನ ಅಕ್ಕನ ಇಪ್ಪತ್ತೆಂಟು ವರ್ಷ ನೆನಪಿಸಿ. ಲೈಸೆನ್ಸೇ ಇಲ್ಲದ ನಾಡಬಂದೂಕು ಮನೆಯಲ್ಲಿದ್ದರೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ದೊಡ್ಡಸ್ತಿಕೆ ಮೆರೆಯುವವರಿಗೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ.

ಇನ್ನು ನಿಮ್ಮ ಪ್ರಶ್ನೆ, ಕಳಿಸೋಣವೋ ಬೇಡವೋ. ಕಳಿಸಿ. ಹುಡುಗಿಯರನ್ನಷ್ಟೇ ಅಲ್ಲ, ನೀವೂ ಹೋಗಿ. ಗಂಡನಿಗೆ ಗುರಿ ಇಡಲಿಕ್ಕಲ್ಲ ಎಂದು ಮನೆಯಲ್ಲಿ ಹೇಳಿ, ನಂಬದಿದ್ದರೆ ಅವರ ಕರ್ಮ. ಬಂದೂಕನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ಒಳಗೆ ಏನಿದೆ ನೋಡಿ ಬಂದವಳ ಮುಂದೆ ಯಾರೂ “ಖಾಲಿ” ಎಂದು ಸುಲಭವಾಗಿ ಹೇಳಲಾರರು.

ಹೆಸರುಗಳನ್ನು ಒಕ್ಕೂಟದ ಕಾರ್ಯದರ್ಶಿಯ ಹತ್ತಿರ ಕೊಡಿ. ಹತ್ತು ಹೆಸರು ಸೇರಿದರೆ ಬಳ್ಳಾರಿಗೆ ಹೋಗಿ ಮುಂದಿನ ಶಿಬಿರ ಯಾವಾಗ ಎಂದು ವಿಚಾರಿಸಿ ಬರುವ ಕೆಲಸ ನನ್ನದು. ಅಕ್ಕ ಈಗ ನನ್ನ ಜೊತೆಯೇ ಇದ್ದಾಳೆ, ಎಪ್ಪತ್ತರ ಹತ್ತಿರ. ನಿಮ್ಮ ಜೊತೆ ಬಂದು ಮೈದಾನದ ಬೇವಿನ ಮರದ ಕೆಳಗೆ ಕೂತು ನೋಡುತ್ತಾಳಂತೆ, ಹಾರಿಸುವುದಿಲ್ಲವಂತೆ. ಖಾಲಿ ಮಾಡಿದ ಮೇಲೆ ತೆರೆದು ತೋರಿಸುತ್ತಾರಲ್ಲ, ಅದನ್ನು ಮಾತ್ರ ಹತ್ತಿರದಿಂದ ನೋಡಬೇಕಂತೆ.